ಬೆಕ್ಕನ್ನು ಹಿಡಿದುಕೊಳ್ಳುವವರು ಯಾರು?

ಸಭೆ ಮುಗಿದ ಮೇಲೆ ನಡೆಯುವ ಇನ್ನೊಂದು ಸಭೆಯ ಬಗ್ಗೆ ನಾನು ಕೆಲವು ವರ್ಷಗಳಿಂದ ಯೋಚಿಸುತ್ತಿದ್ದೇನೆ. ಅದಕ್ಕೆ ಕಾರ್ಯಸೂಚಿ ಇರುವುದಿಲ್ಲ, ಅಧ್ಯಕ್ಷರು ಇರುವುದಿಲ್ಲ, ಅದರ ನಡಾವಳಿಯನ್ನು ಯಾರೂ ಬರೆದಿಡುವುದಿಲ್ಲ. ಅದು ನಡೆಯುವುದು ಕಾರಿಡಾರಿನಲ್ಲಿ, ಲಿಫ್ಟಿನ ಬಾಗಿಲ ಬಳಿ, ವಾಹನ ನಿಲ್ಲಿಸುವ ಜಾಗದಲ್ಲಿ. ಒಳಗೆ ಒಂದು ಗಂಟೆ ತುಟಿ ಬಿಚ್ಚದೆ ಕುಳಿತಿದ್ದವರು ಅಲ್ಲಿ ಒಬ್ಬೊಬ್ಬರಾಗಿ ಹತ್ತಿರ ಬಂದು, ಸುತ್ತ ಒಮ್ಮೆ ಕಣ್ಣಾಡಿಸಿ, "ನೀವು ಕೇಳಿದ್ದು ನೂರಕ್ಕೆ ನೂರು ಸರಿ" ಎಂದು ಪಿಸುಗುಟ್ಟುತ್ತಾರೆ. ಆ ಮಾತಿನಲ್ಲಿ ಕಪಟ ಇರುವುದಿಲ್ಲ. ಅವರು ನಿಜಕ್ಕೂ ಹಾಗೆಯೇ ಅಂದುಕೊಂಡಿರುತ್ತಾರೆ. ಆದರೆ ಅಷ್ಟು ಹೊತ್ತಿಗೆ ಒಳಗಿನ ಸಭೆ ಮುಗಿದಿರುತ್ತದೆ, ನಿರ್ಣಯದ ಕೆಳಗೆ ಸಹಿ ಬಿದ್ದಿರುತ್ತದೆ.

ಇದನ್ನು ದೂರುವ ಹಕ್ಕು ನನಗೆ ಅಷ್ಟಾಗಿ ಇಲ್ಲ. ಕಾರಿಡಾರಿನಲ್ಲಿ ಮೆಚ್ಚುಗೆ ಪಡೆದದ್ದಕ್ಕಿಂತ ಹೆಚ್ಚು ಸಲ ಅಲ್ಲಿ ಮೆಚ್ಚುಗೆ ಹಂಚಿದವನು ನಾನು.

ಆ ದಿನದ ವಿಷಯ ನೋಡುವವರಿಗೆ ಅಂಥ ದೊಡ್ಡದೇನೂ ಆಗಿರಲಿಲ್ಲ. ಕಟ್ಟಡವನ್ನು ಗುಡಿಸಿ ಒರೆಸುವ ಹೆಂಗಸರು ತಿಂಗಳಿಗೆ ಮೂರು ಸಲಕ್ಕಿಂತ ಹೆಚ್ಚು ತಡವಾಗಿ ಬಂದರೆ ಅರ್ಧ ದಿನದ ಸಂಬಳ ಹಿಡಿಯಬೇಕು ಎಂಬ ಸಲಹೆ ಕಾರ್ಯಸೂಚಿಯ ಕಟ್ಟಕಡೆಯ ಅಂಶವಾಗಿ ಬಂದಿತ್ತು. ಎಲ್ಲರೂ ಆಗಲೇ ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದರು. ನನಗಿಂತ ಐದಾರು ವರ್ಷ ಕಿರಿಯರಾದ, ಸೇರಿ ಇನ್ನೂ ಎರಡು ವರ್ಷ ತುಂಬದ ಸಹೋದ್ಯೋಗಿಯೊಬ್ಬರು ಕೈ ಎತ್ತಿದರು. "ಅವರು ಆರೂವರೆಗೇ ಬಂದಿರುತ್ತಾರೆ ಸರ್. ಹಾಜರಿ ಪುಸ್ತಕ ಬೀರುವಿನಲ್ಲಿರುತ್ತದೆ, ಬೀರುವಿನ ಬೀಗದಕೈ ಮೇಲ್ವಿಚಾರಕರ ಹತ್ತಿರ ಇರುತ್ತದೆ, ಅವರು ಬರುವುದು ಏಳಕ್ಕೆ. ಏಳು ಗಂಟೆಗೆ ಸಹಿ ಹಾಕಿದವರೆಲ್ಲ ತಡವಾಗಿ ಬಂದವರು ಎಂದಾದರೆ, ಅದು ಯಾರ ತಡ?" ಎಂದು ಕೇಳಿದರು. ದನಿ ಸ್ವಲ್ಪ ನಡುಗುತ್ತಿತ್ತು. ಅಧ್ಯಕ್ಷರ ಸ್ಥಾನದಲ್ಲಿದ್ದವರು ನಯವಾಗಿಯೇ ಮೇಜಿನ ಸುತ್ತ ನೋಡಿ, "ಬೇರೆ ಯಾರಿಗಾದರೂ ಹೀಗೆ ಅನ್ನಿಸಿದೆಯೇ?" ಎಂದರು.

ಆ ಪ್ರಶ್ನೆಗೂ ಅವರ ಮುಂದಿನ ಮಾತಿಗೂ ನಡುವೆ ಏಳೆಂಟು ಸೆಕೆಂಡುಗಳ ಬಿಡುವಿತ್ತು. ಅಷ್ಟರಲ್ಲಿ ನಾನು ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ, ಬಾಯಾರಿಕೆ ಇಲ್ಲದಿದ್ದರೂ ಒಂದು ಗುಟುಕು ಕುಡಿದು, ಮುಚ್ಚಳವನ್ನು ಮತ್ತೆ ಬಿಗಿಯಾಗಿ ಹಾಕಿದೆ. ಅದರ ಹಿಂದಿನ ವಾರವೇ ಬೇರೊಂದು ಕೆಲಸಕ್ಕೆಂದು ಬೇಗ ಬಂದಿದ್ದ ನಾನು, ಆ ಹೆಂಗಸರು ಮೆಟ್ಟಿಲ ಮೇಲೆ ಸಾಲಾಗಿ ಕುಳಿತು ಬೀಗದಕೈಗಾಗಿ ಕಾಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೆ. ಆ ಕೋಣೆಯಲ್ಲಿ ಅವರ ಮಾತಿಗೆ ಸಾಕ್ಷಿ ಹೇಳಬಲ್ಲವರು ಯಾರಾದರೂ ಇದ್ದಿದ್ದರೆ ಅದು ನಾನೇ. "ಇಲ್ಲ ಎಂದಾಯಿತು" ಎಂದು ಅಧ್ಯಕ್ಷರು ಮುಂದಕ್ಕೆ ಹೋದರು. ಎರಡು ದಿನಗಳ ನಂತರ ಕೈಗೆ ಬಂದ ನಡಾವಳಿಯಲ್ಲಿ "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂಬ ಒಂದೇ ಸಾಲಿತ್ತು. ಕೈ ಎತ್ತಿದವರ ಪ್ರಶ್ನೆ ಎಲ್ಲಿಯೂ ಇರಲಿಲ್ಲ.

ಕಾರಿಡಾರಿನಲ್ಲಿ ನಾನು ಅವರನ್ನು ಹಿಂಬಾಲಿಸಿ ಹೋಗಿ ಹೇಳಬೇಕಾದ್ದನ್ನು ಹೇಳಿದೆ. ತುಂಬ ಚೆನ್ನಾಗಿ ಮಾತಾಡಿದಿರಿ, ಯಾರಾದರೂ ಇದನ್ನು ಹೇಳಲೇಬೇಕಿತ್ತು, ಇತ್ಯಾದಿ. ಅವರು ನಿಂತು ಕೇಳಿಸಿಕೊಂಡರು. ಆಮೇಲೆ, ಗಂಟೆ ಎಷ್ಟಾಯಿತು ಎಂದು ಕೇಳುವಷ್ಟೇ ಸಹಜವಾದ ದನಿಯಲ್ಲಿ, "ಅಲ್ಲೇ ಹೇಳಬಹುದಿತ್ತಲ್ಲ ಸರ್?" ಎಂದರು.

ಗಾದೆ ಅರ್ಧಕ್ಕೆ ನಿಲ್ಲುವ ಜಾಗ

ನಮ್ಮ ಮಾತಿನಲ್ಲಿ ಸುಮ್ಮನಿರುವುದಕ್ಕೆ ಸಮರ್ಥನೆಗಳು ಬೇಕಾದಷ್ಟಿವೆ. ಮಾತು ಬೆಳ್ಳಿ, ಮೌನ ಬಂಗಾರ. ಮಾತು ಬಲ್ಲವನಿಗೆ ಜಗಳವಿಲ್ಲ. ಊರ ಉಸಾಬರಿ ನಮಗೇಕೆ. ಇವುಗಳ ಜೊತೆಗೆ, ದನಿ ಎತ್ತುವುದನ್ನೇ ಒಂದು ಅಸಾಧ್ಯ ಸಾಹಸವನ್ನಾಗಿ ಮಾಡುವ ಮಾತೂ ಒಂದಿದೆ: ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಪ್ರಶ್ನೆಯ ಒಳಗೇ ಉತ್ತರ ಅಡಗಿದೆ, ಯಾರೂ ಇಲ್ಲ. ಆದರೆ ಬೆಕ್ಕನ್ನು ಎತ್ತಿಕೊಂಡು ಅಭ್ಯಾಸವಿರುವ ಯಾರಿಗಾದರೂ ಗೊತ್ತು, ಗಂಟೆ ಕಟ್ಟುವುದು ಒಬ್ಬರ ಕೆಲಸವೇ ಅಲ್ಲ. ಒಬ್ಬರು ಕಟ್ಟುವಾಗ ಇನ್ನೊಬ್ಬರು ಬೆಕ್ಕನ್ನು ಹಿಡಿದುಕೊಂಡಿರಬೇಕು. ಗಾದೆ ಆ ಎರಡನೆಯವರ ಬಗ್ಗೆ ಕೇಳುವುದೇ ಇಲ್ಲ. ಅನ್ಯಾಯದ ವಿರುದ್ಧ ದನಿ ಎತ್ತುವ ಬಗ್ಗೆ ನಾವು ಆಡುವ ಮಾತೆಲ್ಲವೂ ಹೆಚ್ಚುಕಡಿಮೆ ಇಲ್ಲಿಯೇ ನಿಂತುಬಿಡುತ್ತದೆ ಎಂದು ನನಗೆ ಅನ್ನಿಸುತ್ತದೆ. ಮೊದಲು ಎದ್ದು ನಿಂತವರ ಧೈರ್ಯವನ್ನು ಕೊಂಡಾಡುತ್ತೇವೆ, ಅಂಥ ಧೈರ್ಯ ನಮಗಿಲ್ಲವಲ್ಲ ಎಂದು ಪ್ರಾಮಾಣಿಕವಾಗಿಯೇ ನೊಂದುಕೊಳ್ಳುತ್ತೇವೆ, ಆ ನೋವಿನಲ್ಲಿ ನಮಗೆ ಸುಲಭವಾಗಿ ಎಟಕುತ್ತಿದ್ದ ಇನ್ನೊಂದು ಕೆಲಸವನ್ನು ಮರೆತುಬಿಡುತ್ತೇವೆ.

ಆ ಕೆಲಸಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಪದವಿದೆ, ದನಿಗೂಡಿಸುವುದು. ಹೊಸ ದನಿ ತೆಗೆಯುವುದಲ್ಲ, ಇರುವ ದನಿಗೆ ಇನ್ನೊಂದನ್ನು ಸೇರಿಸುವುದು.

ಇದು ಬರಿಯ ಸದ್ಭಾವನೆಯ ಮಾತಲ್ಲ ಎಂದು ನನಗೆ ಮನದಟ್ಟಾದದ್ದು ಮನಶ್ಶಾಸ್ತ್ರಜ್ಞ ಸಾಲೊಮನ್ ಆ್ಯಶ್ 1950ರ ದಶಕದಲ್ಲಿ ಅಮೆರಿಕದಲ್ಲಿ ನಡೆಸಿದ ಪ್ರಯೋಗಗಳ ಬಗ್ಗೆ ಓದಿದಾಗ. ಹೆಚ್ಚಿನವರು ಅವುಗಳ ಮೊದಲರ್ಧವನ್ನು ಮಾತ್ರ ಕೇಳಿರುತ್ತಾರೆ. ಒಂದು ಗೆರೆಯನ್ನು ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದದ್ದು ಯಾವುದು ಎಂದು ಗುಂಪಿನಲ್ಲಿರುವ ಪ್ರತಿಯೊಬ್ಬರನ್ನೂ ಕೇಳುತ್ತಾರೆ. ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಪ್ರಯೋಗ ನಡೆಸುವವರ ಕಡೆಯವರೇ. ಅವರು ಬೇಕೆಂದೇ ಒಕ್ಕೊರಲಿನಿಂದ ತಪ್ಪು ಉತ್ತರ ಹೇಳುತ್ತಾರೆ. ಕಣ್ಣಿಗೆ ರಾಚುವಂಥ ಸುಲಭದ ಪ್ರಶ್ನೆಯಾಗಿದ್ದರೂ, ಏನೂ ಗೊತ್ತಿಲ್ಲದ ಆ ಒಬ್ಬನು ಅಂಥ ಸುತ್ತುಗಳಲ್ಲಿ ಮೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು ಸಲ ಗುಂಪಿನ ತಪ್ಪನ್ನೇ ತಾನೂ ಹೇಳಿದ. ಮನುಷ್ಯ ಕುರಿಮಂದೆ ಎಂದು ಸಾರಲು ಈ ಪ್ರಯೋಗವನ್ನು ಎಷ್ಟು ಸಲ ಬಳಸಿದ್ದಾರೋ ಲೆಕ್ಕವಿಲ್ಲ.

ನನಗೆ ಬೇಕಾದದ್ದು ಎರಡನೆಯ ಅರ್ಧ. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿಯಾದ ಉತ್ತರ ಹೇಳುವಂತೆ ಆ್ಯಶ್ ಏರ್ಪಾಡು ಮಾಡಿದಾಗ, ಹಾಗೆ ಮಣಿಯುವುದು ಕಾಲುಭಾಗಕ್ಕೆ ಇಳಿಯಿತು. ಬಹುಮತ ಹಾಗೆಯೇ ಇತ್ತು, ಅದರ ಒತ್ತಡವೂ ಹಾಗೆಯೇ ಇತ್ತು, ಬದಲಾದದ್ದು ಒಂದೇ ಒಂದು ದನಿ. ಇನ್ನೂ ಕುತೂಹಲದ ಸಂಗತಿ ಏನೆಂದರೆ, ಆ ಜೊತೆಗಾರ ಅರ್ಧದಾರಿಯಲ್ಲಿ ಬಹುಮತದ ಕಡೆಗೆ ಸೇರಿಕೊಂಡಾಗ ಒಂಟಿಯಾದವನ ತಪ್ಪುಗಳು ಥಟ್ಟನೆ ಏರಿದವು; ಆದರೆ ಅವನು ಬೇರೆ ಕೆಲಸದ ನೆಪದಲ್ಲಿ ಕೋಣೆಯಿಂದ ಎದ್ದು ಹೋದಾಗ, ಅವನಿಲ್ಲದಿದ್ದರೂ ಅವನು ಕೊಟ್ಟ ಬಲ ಸ್ವಲ್ಪ ಕಾಲ ಉಳಿದುಕೊಂಡಿತು. ಜೊತೆಗಿದ್ದು ಹೊರಟುಹೋದವನಿಗಿಂತ ಜೊತೆಗಿದ್ದು ಮಗುಚಿಕೊಂಡವನು ಹೆಚ್ಚು ಹಾನಿ ಮಾಡುತ್ತಾನೆ. ಇದನ್ನು ಓದಿದ ರಾತ್ರಿ ನಾನು ಆ ನೀರಿನ ಬಾಟಲಿಯ ಬಗ್ಗೆಯೇ ಯೋಚಿಸುತ್ತಿದ್ದೆ.

ಸ್ಟ್ಯಾನ್ಲಿ ಮಿಲ್‌ಗ್ರಾಂ ನಡೆಸಿದ, ಇದಕ್ಕಿಂತಲೂ ಕುಪ್ರಸಿದ್ಧವಾದ ವಿದ್ಯುತ್ ಆಘಾತದ ಪ್ರಯೋಗಗಳಲ್ಲಿಯೂ ಇದೇ ಮಾತು ಇನ್ನೊಂದು ಬಗೆಯಲ್ಲಿ ಸಿಗುತ್ತದೆ. ಮೇಲಿನವರ ಅಪ್ಪಣೆಯಂತೆ, ಇನ್ನೊಬ್ಬ ಮನುಷ್ಯನಿಗೆ ತಾವು ನಿಜವೆಂದೇ ನಂಬಿದ್ದ ಆಘಾತವನ್ನು 450 ವೋಲ್ಟಿನ ಕೊನೆಯ ಗುಂಡಿಯವರೆಗೂ ಒತ್ತಿದವರು 40 ಜನರಲ್ಲಿ 26 ಮಂದಿ. ಪಕ್ಕದಲ್ಲಿ ಕುಳಿತ ಇಬ್ಬರು ನಡುವೆಯೇ "ಇನ್ನು ನಾನು ಮಾಡುವುದಿಲ್ಲ" ಎಂದು ಎದ್ದ ಇನ್ನೊಂದು ಏರ್ಪಾಡಿನಲ್ಲಿ, ಕೊನೆಯವರೆಗೆ ಹೋದವರು 40ರಲ್ಲಿ ನಾಲ್ವರು ಮಾತ್ರ. ಆ ಮೂವತ್ತಾರು ಜನರೆಲ್ಲ ಮೊದಲಿನವರಿಗಿಂತ ಒಳ್ಳೆಯ ಮನುಷ್ಯರಾಗಿದ್ದರು ಎಂದು ನಂಬಲು ಕಾರಣವಿಲ್ಲ. ಅವರ ಪಕ್ಕದ ಕುರ್ಚಿಯವರು ಬೇರೆಯಾಗಿದ್ದರು, ಅಷ್ಟೇ.

ಎಲ್ಲಿಂದಲೂ ಬಾರದ ಹಣ

ಅಮೆರಿಕದಲ್ಲಿ ಒಬ್ಬ ಕಪ್ಪು ಹೆಂಗಸು ಬಸ್ಸಿನಲ್ಲಿ ಬಿಳಿಯರಿಗಾಗಿ ಸೀಟು ಬಿಟ್ಟೇಳಲಿಲ್ಲ, ಒಂದು ದೇಶವೇ ಬದಲಾಯಿತು ಎಂಬ ಕಥೆಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ರೋಸಾ ಪಾರ್ಕ್ಸ್ ಅವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಅವರು ಬಂಧನಕ್ಕೆ ಒಳಗಾದ 1955ರ ಡಿಸೆಂಬರ್ 1ಕ್ಕೆ ಒಂಬತ್ತು ತಿಂಗಳು ಮೊದಲು, ಅದೇ ಮಾಂಟ್‌ಗೊಮರಿ ನಗರದ ಬಸ್ಸಿನಲ್ಲಿ ಕ್ಲಾಡೆಟ್ ಕಾಲ್ವಿನ್ ಎಂಬ 15 ವರ್ಷದ ಹುಡುಗಿ ಅದೇ ಕೆಲಸ ಮಾಡಿ ಬಂಧನಕ್ಕೆ ಒಳಗಾಗಿದ್ದಳು. ಅವಳ ಪ್ರಕರಣವನ್ನೇ ಹಿಡಿದು ದೊಡ್ಡ ಹೋರಾಟ ಕಟ್ಟಲು ಅಲ್ಲಿನ ಮುಖಂಡರು ಆಗ ಮುಂದಾಗಲಿಲ್ಲ. ಗಂಟೆ ಕಟ್ಟುವ ಕೈ ಆಗಲೇ ಇತ್ತು. ಬೆಕ್ಕನ್ನು ಹಿಡಿಯುವಷ್ಟು ಕೈಗಳು ಒಟ್ಟುಗೂಡಿದ್ದು ಡಿಸೆಂಬರಿನಲ್ಲಿ.

ಆ ಕೈಗಳಲ್ಲಿ ನನಗೆ ಹೆಚ್ಚು ಹತ್ತಿರವೆನಿಸುವುದು ಎರಡು. ಒಂದು, ಜೋ ಆ್ಯನ್ ರಾಬಿನ್‌ಸನ್ ಎಂಬ ಕಾಲೇಜು ಅಧ್ಯಾಪಕಿಯದು. ಪಾರ್ಕ್ಸ್ ಬಂಧನದ ಸುದ್ದಿ ತಿಳಿದ ರಾತ್ರಿ ಅವರು ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳ ಜೊತೆಗೂಡಿ, ಕಾಲೇಜಿನ ನಕಲು ಯಂತ್ರದಲ್ಲಿ ಬೆಳಗಿನ ಜಾವದವರೆಗೂ ಬಸ್ ಬಹಿಷ್ಕಾರದ ಕರಪತ್ರಗಳನ್ನು ಸಾವಿರಗಟ್ಟಲೆ ತೆಗೆದರು. ಅದಕ್ಕೂ ಒಂದೂವರೆ ವರ್ಷ ಮೊದಲೇ, 1954ರ ಮೇ ತಿಂಗಳಲ್ಲಿ, ಬಸ್ಸುಗಳಲ್ಲಿನ ಅವಮಾನದ ಬಗ್ಗೆ ನಗರದ ಮೇಯರಿಗೆ ಅವರು ಪತ್ರ ಬರೆದಾಗಿತ್ತು. ಇನ್ನೊಂದು ಕೈ ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯವರದು. ಅವರೂ ಅವರ ಜೊತೆಯ ಹೆಂಗಸರೂ ಅಡುಗೆ ಮಾಡಿ ಮಾರಿ, ಬಂದ ಹಣವನ್ನು ಹೋರಾಟದ ಸಭೆಗಳಲ್ಲಿ ಒಪ್ಪಿಸುತ್ತಿದ್ದರು. ಕೊಟ್ಟವರ ಹೆಸರು ಹೊರಬಿದ್ದರೆ ಅವರ ಕೆಲಸಕ್ಕೆ ಕುತ್ತು ಬರುತ್ತಿತ್ತಾದ್ದರಿಂದ ಆ ಗುಂಪಿಗೆ ಇಟ್ಟ ಹೆಸರು 'ಕ್ಲಬ್ ಫ್ರಮ್ ನೋವೇರ್', ಅಂದರೆ ಎಲ್ಲಿಂದಲೂ ಬಾರದವರ ಕ್ಲಬ್. ಹಣ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ, ಎಲ್ಲಿಂದಲೂ ಇಲ್ಲ ಎಂದು ಸುಳ್ಳಿಲ್ಲದೆ ಹೇಳಬಹುದಿತ್ತು. 381 ದಿನ ಜನ ಬಸ್ಸು ಹತ್ತದೆ ನಡೆದರು, ಒಬ್ಬರ ಗಾಡಿಯಲ್ಲಿ ಇನ್ನೊಬ್ಬರು ಹೋದರು. ಆ ಗಾಡಿಗಳ ಪೆಟ್ರೋಲಿಗೆ ಇಂಥ ಹಣವೇ ಆಸರೆ. ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ ಗಿಲ್ಮೋರ್ ತಮ್ಮ ಕೆಲಸ ಕಳೆದುಕೊಂಡರು.

ಈ ಕೊನೆಯ ವಾಕ್ಯದಲ್ಲಿ ನಾನು ಪ್ರತಿ ಸಲವೂ ಎಡವುತ್ತೇನೆ. ದನಿಗೂಡಿಸುವುದು ಸುಲಭ ಎಂದು ಮೇಲೆ ಬರೆದೆ. ಅದು ನನಗೆ ಸುಲಭ. ಖಾಯಂ ಕೆಲಸದಲ್ಲಿರುವ, ಒಂದು ಮಾತು ಆಡಿದ್ದಕ್ಕೆ ಹೆಚ್ಚೆಂದರೆ ಕೆಲವು ದಿನ ಮುಖ ಊದಿಸಿಕೊಂಡವರನ್ನು ಎದುರಿಸಬೇಕಾಗುವವನಿಗೆ ಅದು ಸುಲಭ. ಮೆಟ್ಟಿಲ ಮೇಲೆ ಕುಳಿತು ಕಾಯುತ್ತಿದ್ದವರು ಅದೇ ಮಾತನ್ನು ಆಡಿದ್ದರೆ ಮರುದಿನ ಆ ಮೆಟ್ಟಿಲಿಗೂ ಬರಬೇಕಾಗಿರಲಿಲ್ಲ. ಒಂದೇ ವಾಕ್ಯಕ್ಕೆ ಒಬ್ಬೊಬ್ಬರು ತೆರುವ ಬೆಲೆ ಒಂದೊಂದು. ಹಾಗಿರುವಾಗ "ಅವರೇ ಯಾಕೆ ಕೇಳುವುದಿಲ್ಲ?" ಎಂದು ಕಡಿಮೆ ಬೆಲೆ ತೆರುವವರು ಕೇಳುವುದು ನನಗೆ ಈಗೀಗ ಅಸಹ್ಯವೆನಿಸುತ್ತದೆ. ಫೋನಿನ ಪರದೆಯ ಮೇಲೆ ದೂರದ ಅನ್ಯಾಯಗಳಿಗೆ ದಿನವೂ ಸಿಡಿದು ಬೀಳುವ ನಮ್ಮ ಅಭ್ಯಾಸದ ಬಗ್ಗೆಯೂ ಬರೆಯಬಹುದು. ಅದು ಕಾರಿಡಾರಿನದೇ ಇನ್ನೊಂದು ರೂಪವೆಂಬುದು ಓದುವವರಿಗೆ ಹೊಸದೇನಲ್ಲ, ಬಿಟ್ಟುಬಿಡುತ್ತೇನೆ.

ಸಾಲಿನಲ್ಲಿ ನಿಂತ ಹಿರಿಯರು

ಕಾರಿಡಾರಿನ ಆ ಪ್ರಶ್ನೆಯಾದ ಮೇಲೆ ನಾನು ಕೂಡಲೇ ಬೇರೆ ಮನುಷ್ಯನಾದೆ ಎಂದೇನೂ ಅಲ್ಲ. ಒಂದು ವರ್ಷದ ನಂತರ ಒಂದು ಕಚೇರಿಯ ಕೌಂಟರಿನ ಮುಂದೆ ಸಾಲಿನಲ್ಲಿ ನಿಂತಿದ್ದೆ. ನನಗಿಂತ ಇಬ್ಬರು ಮುಂದೆ ಒಬ್ಬ ಹಿರಿಯರಿದ್ದರು. ಅವರ ಅರ್ಜಿಯ ಒಂದು ಅಂಕಣ ತುಂಬಿರಲಿಲ್ಲ. ಕೌಂಟರಿನ ಒಳಗಿದ್ದವರು ಅರ್ಜಿಯನ್ನು ಗಾಜಿನ ಕೆಳಗಿನ ಕಿಂಡಿಯಿಂದ ಹೊರಕ್ಕೆ ತಳ್ಳಿ, "ಓದೋಕೆ ಬರಲ್ವಾ? ಯಾಕೆ ಬರ್ತೀರಿ ಇಲ್ಲಿಗೆ? ಹಿಂದೆ ಜನ ನಿಂತಿದಾರೆ ಕಾಣ್ಸಲ್ವಾ?" ಎಂದು ಏಕವಚನಕ್ಕೆ ಇಳಿಯುವುದೊಂದು ಬಾಕಿ ಎಂಬಂತೆ ಗದರಿದರು. ಕಾಗದ ನೆಲಕ್ಕೆ ಬಿತ್ತು. ಹಿರಿಯರು ಬಗ್ಗಿ ಅದನ್ನು ಎತ್ತಿಕೊಳ್ಳುವಾಗ ಅವರ ಅಂಗಿಯ ಜೇಬಿನಿಂದ ಕನ್ನಡಕ ಜಾರಿತು.

ನನ್ನ ಹಿಂದಿದ್ದ ಕಾಲೇಜು ವಯಸ್ಸಿನ ಹುಡುಗಿಯೊಬ್ಬಳು ಜೋರಾಗಿ, "ಸ್ವಲ್ಪ ಮರ್ಯಾದೆಯಿಂದ ಮಾತಾಡಿ" ಎಂದಳು. ಸಾಲಿನಲ್ಲಿ ಹತ್ತು ಹದಿನೈದು ಜನ ಇದ್ದೆವು. ಆ ಏಳೆಂಟು ಸೆಕೆಂಡುಗಳು ಮತ್ತೆ ಬಂದವು. ಈ ಸಲ ನನ್ನ ಬಾಯಿಂದ ಹೊರಟದ್ದು ಒಂದೇ ಪದ, "ಹೌದು." ಅದೂ ಸಣ್ಣ ದನಿಯಲ್ಲಿ. ಆದರೆ ಅದರ ಬೆನ್ನಿಗೇ ಮುಂದಿದ್ದವರೊಬ್ಬರು "ಹೌದ್ರೀ, ಹಿರಿಯರು ಅವರು" ಎಂದರು, ಆಮೇಲೆ ಇನ್ನೊಬ್ಬರು, ಆಮೇಲೆ ಇಡೀ ಸಾಲು ಗೊಣಗತೊಡಗಿತು. ಒಳಗಿದ್ದವರು ಏನೂ ಹೇಳದೆ ಕೈ ಚಾಚಿ ಅರ್ಜಿಯನ್ನು ವಾಪಸು ತೆಗೆದುಕೊಂಡು, ಆ ಅಂಕಣವನ್ನು ತಾವೇ ತುಂಬಿಕೊಂಡರು.

ಇಲ್ಲಿಗೆ ಮುಗಿದಿದ್ದರೆ ಇದು ಒಂದು ಸೊಗಸಾದ ಕಥೆಯಾಗುತ್ತಿತ್ತು. ನನ್ನ ಕೆಲಸ ಮುಗಿಸಿ ಹೊರಗೆ ಬಂದಾಗ ಆ ಹಿರಿಯರು ಗೋಡೆಗೆ ಒರಗಿ ನಿಂತಿದ್ದರು. ಮೆಚ್ಚುಗೆಯ ಮಾತು ಬರಬಹುದೆಂಬ ಆಸೆ ನನ್ನೊಳಗೆ ಇಲ್ಲದಿರಲಿಲ್ಲ. ಅವರು ನನ್ನನ್ನು ನೋಡಿ, "ನಿಮಗೇನಪ್ಪ, ನೀವು ಇವತ್ತು ಬಂದು ಹೋಗ್ತೀರಿ. ನಾನು ಇನ್ನೂ ನಾಲ್ಕು ಸಲ ಇದೇ ಕಿಂಡಿಗೆ ಬರಬೇಕು" ಎಂದರು. ಕೋಪಕ್ಕಿಂತ ಆಯಾಸವೇ ಆ ದನಿಯಲ್ಲಿ ಹೆಚ್ಚಾಗಿತ್ತು. ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗಿ ಹೇಳಿದ್ದು ತಪ್ಪು ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ನಾವು ಹದಿನೈದು ಜನ ಅವರ ಪರವಾಗಿ ಮಾತಾಡಿದೆವೇ ಹೊರತು, ಒಬ್ಬರೂ ಅವರೊಡನೆ ಮಾತಾಡಿರಲಿಲ್ಲ. ಬಿದ್ದ ಕನ್ನಡಕವನ್ನು ಎತ್ತಿಕೊಟ್ಟವರೂ ಯಾರೂ ಇಲ್ಲ, ಅವರೇ ಎತ್ತಿಕೊಂಡಿದ್ದರು.

ಹೆಚ್ಚು ಜನ ಸೇರಿದಷ್ಟೂ ಯಾರೂ ನೆರವಿಗೆ ಬರುವುದಿಲ್ಲ ಎಂಬ ಮಾತು 1960ರ ದಶಕದಿಂದ ಪ್ರಚಾರದಲ್ಲಿದೆ. ಬಿಬ್ ಲಾಟನೆ ಮತ್ತು ಜಾನ್ ಡಾರ್ಲಿ ನಡೆಸಿದ ಪ್ರಯೋಗವೊಂದರಲ್ಲಿ, ಕೋಣೆಯೊಳಗೆ ಹೊಗೆ ತುಂಬುತ್ತಿದ್ದಾಗ ಒಬ್ಬಂಟಿಯಾಗಿ ಕುಳಿತವರಲ್ಲಿ ನೂರಕ್ಕೆ 75 ಮಂದಿ ಎದ್ದು ಹೋಗಿ ತಿಳಿಸಿದರೆ, ಏನೂ ಆಗಿಲ್ಲವೆಂಬಂತೆ ನಟಿಸುವ ಇಬ್ಬರ ಜೊತೆ ಕುಳಿತವರಲ್ಲಿ ಹಾಗೆ ಮಾಡಿದವರು 10 ಮಂದಿ. ಆದರೆ ಮೂರು ದೇಶಗಳ ಮೂರು ನಗರಗಳ ಬೀದಿಗಳಲ್ಲಿ ಕ್ಯಾಮೆರಾಗಳಿಗೆ ಸಿಕ್ಕ 219 ಜಗಳಗಳನ್ನು ಪರಿಶೀಲಿಸಿ 2019ರಲ್ಲಿ ಹೊರಬಂದ ಅಧ್ಯಯನ ಬೇರೆಯದನ್ನೇ ಕಂಡಿತು: ಹತ್ತರಲ್ಲಿ ಒಂಬತ್ತು ಸಲ ದಾರಿಹೋಕರಲ್ಲಿ ಒಬ್ಬರಾದರೂ ಏನಾದರೂ ಮಾಡಿದ್ದರು, ಜನ ಹೆಚ್ಚಿದ್ದಷ್ಟೂ ಯಾರಾದರೊಬ್ಬರು ನಡುವೆ ಬರುವ ಸಾಧ್ಯತೆಯೂ ಹೆಚ್ಚಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಬೀದಿಯಲ್ಲಿ ಹೊಡೆದಾಟ ನಡೆದರೆ ಅದು ಹೊಡೆದಾಟವೇ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಕಾರ್ಯಸೂಚಿಯ ಕೊನೆಯ ಅಂಶವಾಗಿ, ನಯವಾದ ದನಿಯಲ್ಲಿ ಬರುವ ಅನ್ಯಾಯ ಆ ಹೊಗೆಯ ಹಾಗೆ. ಅದು ಹೊಗೆ ಹೌದೋ ಅಲ್ಲವೋ ಎಂದು ತಿಳಿಯಲು ನಾವು ಪಕ್ಕದವರ ಮುಖ ನೋಡುತ್ತೇವೆ, ಪಕ್ಕದವರು ನಮ್ಮ ಮುಖ ನೋಡುತ್ತಿರುತ್ತಾರೆ.

ಹಾಜರಿ ಪುಸ್ತಕ

ಸಂಬಳ ಹಿಡಿಯುವ ನಿಯಮ ಜಾರಿಗೆ ಬಂತು. ಪ್ರಶ್ನೆ ಕೇಳಿದ್ದ ಸಹೋದ್ಯೋಗಿ ಎಂಟು ತಿಂಗಳಲ್ಲಿ ಬೇರೆ ಕೆಲಸ ಹಿಡಿದು ಹೋದರು. ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಆ ಹಿರಿಯರ ಮಾತು ತಲೆಯಲ್ಲಿ ಕೊರೆಯುತ್ತಿದ್ದುದರಿಂದಲೋ ಏನೋ, ಒಂದು ದಿನ ಬೇಗ ಬಂದು ಮೆಟ್ಟಿಲ ಮೇಲೆ ಕುಳಿತಿದ್ದವರಲ್ಲಿ ಎಲ್ಲರಿಗಿಂತ ಹಿರಿಯರಾದವರನ್ನು ಮಾತಾಡಿಸಿದೆ. ಸಂಬಳ ಹಿಡಿಯುವುದರ ವಿರುದ್ಧ ಒಂದು ಮನವಿ ಬರೆಯೋಣವೇ, ಸಹಿ ಹಾಕುತ್ತೀರಾ ಎಂದು ಕೇಳಬೇಕೆಂದು ಹೋದವನು ನಾನು. ಅವರು ತಕ್ಷಣ ತಲೆ ಅಲ್ಲಾಡಿಸಿದರು. "ಸಹಿ ಗಿಹಿ ಬೇಡ ಸಾರ್. ಆ ಪುಸ್ತಕ ವಾಚ್‌ಮನ್ ಟೇಬಲ್ ಮೇಲೆ ಇಡೋಕೆ ಹೇಳಿ. ಅಷ್ಟಾದ್ರೆ ಸಾಕು" ಎಂದರು. ಬೀರು, ಬೀಗದಕೈ, ಮೇಲ್ವಿಚಾರಕ ಯಾವುದೂ ಆ ಮಾತಿನಲ್ಲಿ ಬರಲಿಲ್ಲ. ಯಾರ ಮೇಲೂ ದೂರಿಲ್ಲ, ಪುಸ್ತಕ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಬೇಕು ಅಷ್ಟೇ. ನಾನು ಒಂದು ವರ್ಷ ತಲೆ ಕೆಡಿಸಿಕೊಂಡಿದ್ದಕ್ಕಿಂತ ಇದು ಎಷ್ಟೋ ಜಾಣತನದ ಬೇಡಿಕೆಯಾಗಿತ್ತು.

ಮುಂದಿನ ಸಭೆಗೆ ಮುಂಚೆ ನಾನು ಇಬ್ಬರ ಹತ್ತಿರ ಮಾತಾಡಿದೆ, ಕಾರಿಡಾರಿನಲ್ಲಿಯೇ. ಸಭೆಯ ನಂತರ ನಡೆಯುವ ಸಭೆಯನ್ನು ಮುಂಚೆಯೇ ನಡೆಸಬಾರದೆಂದು ಯಾವ ನಿಯಮವೂ ಇಲ್ಲ. ಒಬ್ಬರು ವಿಷಯ ಎತ್ತಿದರು. ಮಾತು ಮುಗಿದ ಕೂಡಲೇ, ಆ ಏಳೆಂಟು ಸೆಕೆಂಡುಗಳು ಶುರುವಾಗುವ ಮೊದಲೇ, ನಾನು "ನಾನೂ ಕಣ್ಣಾರೆ ನೋಡಿದ್ದೇನೆ, ಇದನ್ನು ನಡಾವಳಿಯಲ್ಲಿ ಬರೆದುಕೊಳ್ಳಬೇಕು" ಎಂದೆ. ಮೂರನೆಯವರು "ಖರ್ಚಿಲ್ಲದ ಕೆಲಸ, ಮಾಡಿಬಿಡೋಣ" ಎಂದರು. ಪರಿಶೀಲಿಸಲಾಗುವುದು ಎಂಬ ಉತ್ತರ ಬಂತು. ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೆ ಒಂದು ಸೋಮವಾರ ಪುಸ್ತಕ ವಾಚ್‌ಮನ್ ಮೇಜಿನ ಮೇಲಿತ್ತು.

ನಾನು ಆ ಹಳೆಯ ಸಹೋದ್ಯೋಗಿಗೆ ಒಂದು ಸಂದೇಶ ಕಳಿಸಿದೆ. ಸ್ವಲ್ಪ ಹೆಮ್ಮೆಯಿಂದಲೇ ಕಳಿಸಿದೆ ಎಂದು ಒಪ್ಪಿಕೊಳ್ಳುತ್ತೇನೆ. ಸಂಜೆಯವರೆಗೂ ಉತ್ತರವಿರಲಿಲ್ಲ. ರಾತ್ರಿ ಒಂದೇ ಸಾಲು ಬಂತು: "ಒಳ್ಳೆಯದಾಯಿತು ಸರ್. ಪುಸ್ತಕದ ಜೊತೆ ಪೆನ್ನು ಇಟ್ಟಿದ್ದಾರಾ?"

ಮರುದಿನ ಬೆಳಿಗ್ಗೆ ಆರೂವರೆಗೆ ಹೋಗಿ ನೋಡಿದೆ. ಪೆನ್ನು ಇರಲಿಲ್ಲ.